ಲಾಡಿ ಕೂಡ್ರುವ ಜಾಗ

ಬೆಳಿಗ್ಗೆ ಬಚ್ಚಲಿನಲ್ಲಿ ನಿಂತು ಸೀರೆಯೊಳಗಿನ ಪರಕಾರದ ಲಾಡಿಯನ್ನು ಬಿಗಿಯುತ್ತಿರುವಾಗ, ಯಾರೋ ಹಿಂದಿನಿಂದ ಲಾಡಿಯೊಳಗೆ ಒಂದು ಬೆರಳು ತೂರಿಸಿದಂತೆ ರೇವವ್ವನಿಗೆ ಅನ್ನಿಸಿತು. ಅವಳು ತಿರುಗಿ ನೋಡಲಿಲ್ಲ. ಮೊದಮೊದಲು ನೋಡುತ್ತಿದ್ದಳು. ಹಂಡೆ, ತಂಬಿಗೆ, ಗೂಟಕ್ಕೆ ಹಾಕಿದ ಸೀರೆ, ಇವಿಷ್ಟೇ ಇರುತ್ತವೆ ಎಂದು ಖಾತ್ರಿಯಾದ ಮೇಲೆ ನೋಡುವುದನ್ನು ಬಿಟ್ಟಳು. ಬೆರಳು ಮಾತ್ರ ಬಿಡಲಿಲ್ಲ. ಬರುತ್ತದೆ, ಲಾಡಿ ಎಷ್ಟು ಬಿಗಿಯಾಗಿದೆ ಎಂದು ನೋಡುತ್ತದೆ, ಹೋಗುತ್ತದೆ. ಅತ್ತೆ ಗುರಬಸವ್ವ ಬದುಕಿದ್ದಾಗ ಹೀಗೆಯೇ ಮಾಡುತ್ತಿದ್ದಳು. ಮದುವೆಯಾಗಿ ಗುಡಗೇರಿಗೆ ಬಂದ ಹೊಸದರಲ್ಲಿ, ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೊರಟ ಸೊಸೆಯನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿ ಬೆರಳು ತೂರಿಸುವಳು. ಬೆರಳು ಸಲೀಸಾಗಿ ಒಳಗೆ ಹೋಯಿತೆಂದರೆ ಗಂಟು ಬಿಚ್ಚಿಸಿ ಮತ್ತೆ ಕಟ್ಟಿಸುವಳು. "ಉಡಿ ತುಂಬ ಕಾಯಿ ಬಿದ್ದಾಗ ಪರಕಾರ ಜಾರಿತಂದ್ರ ನಿನ್ನ ಜೋಡಿ ನನ್ನ ಮಾನಾನೂ ಹೊಲದಾಗ ಬೀಳ್ತೈತಿ," ಎನ್ನುವಳು. ರೇವವ್ವ ಉಸಿರು ಒಳಗೆಳೆದುಕೊಂಡು ಇನ್ನೊಂದು ಗಂಟು ಹಾಕುವಳು. ಈಗಲೂ ಹಾಗೆಯೇ ಉಸಿರೆಳೆದುಕೊಂಡು ಕಟ್ಟಿದಳು. ಬಲಗಡೆ, ಗಂಟು ಕೂಡ್ರುವ ಜಾಗದಲ್ಲಿ, ಅರಿವೆಯ ಚೂರನ್ನು ಮಡಿಸಿ ಇಟ್ಟುಕೊಂಡಿದ್ದಳು. ಕಣ್ಣಿನಲ್ಲಿ ನೀರು ಬಂತು, ಒರೆಸಿಕೊಂಡಳು.

ಆ ಕಡೆಯ ಹೆಂಗಸರು ಮೆಣಸಿನಕಾಯಿ ಬಿಡಿಸುವ ರೀತಿಯೇ ಹಾಗೆ. ಸೀರೆಯ ಮುಂಭಾಗವನ್ನೆತ್ತಿ ಚೀಲದಂತೆ ನಡುವಿಗೆ ಸಿಕ್ಕಿಸಿ ಉಡಿ ಕಟ್ಟಿಕೊಳ್ಳುವುದು, ಬಿಡಿಸಿದ್ದನ್ನೆಲ್ಲ ಅದರಲ್ಲಿ ತುಂಬುತ್ತ ಸಾಲು ಹಿಡಿದು ಹೋಗುವುದು. ಉಡಿ ತುಂಬಿದಷ್ಟೂ ಭಾರವೆಲ್ಲ ಬೀಳುವುದು ಒಂದು ಸಣ್ಣ ಲಾಡಿಯ ಮೇಲೆ. ಬೆವರು ಇಳಿದು, ಕಾಯಿಯ ಖಾರದ ಧೂಳು ಅದರಲ್ಲಿ ಕಲಸಿ, ಲಾಡಿಯ ಕೆಳಗೆ ಉರಿಯುತ್ತದೆ. ಉರಿದರೆ ಉರಿಯಲಿ, ಉಡಿ ಸಣ್ಣದು ಕಟ್ಟಿದವಳನ್ನು ಮಂದಿ ಮೈಗಳ್ಳಿ ಎಂದಾರು. ರೇವವ್ವನ ಗಂಡ ಶಂಕ್ರಪ್ಪ ಸ್ಟೇಷನ್ ರಸ್ತೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಾನೆ. ಆಳು ಹಚ್ಚಿ ಬಿಡಿಸಿಕೊಳ್ಳುವ ಅನುಕೂಲ ಮನೆಗಿದೆ. ಆದರೂ ಸುಗ್ಗಿ ಬಂತೆಂದರೆ ಆಳುಗಳ ಮುಂದೆ ಅವಳೇ, ಎಲ್ಲರಿಗಿಂತ ದೊಡ್ಡ ಉಡಿ ಅವಳದೇ. ಅದೊಂದು ಜಂಬ ಅವಳಿಗಿತ್ತು, ಇರಲಿ, ಯಾರಿಗೆ ಇರುವುದಿಲ್ಲ. ನಡುವಿನ ಸುತ್ತ ಕಪ್ಪು ಗೆರೆ ಬಿದ್ದಾಗ ಅದನ್ನು ಕೈಬಳೆಯ ಗುರುತಿನಷ್ಟೇ ಸಹಜವೆಂದು ಬಿಟ್ಟಳು. ಕೆರೆತ ಶುರುವಾದಾಗ ಕೊಬ್ಬರಿ ಎಣ್ಣೆ ಹಚ್ಚಿದಳು. ಒಂದು ದಿನ ಆ ಕಪ್ಪು ಗೆರೆಯ ಮೇಲೆ ಅಲ್ಲಲ್ಲಿ ಬಿಳಿ ಕಾಣಿಸಿದಾಗ ಮಾತ್ರ ಅವಳು ಹೆದರಿದಳು. ತೊನ್ನು ಎಂದುಕೊಂಡಳು. ಮಗಳು ಅಮೃತಾಳನ್ನು ನೋಡಲು ಗಂಡಿನವರು ಬರುವ ಹೊತ್ತು ಅದು. ಅವ್ವನಿಗೆ ತೊನ್ನಂತೆ ಎಂದು ಒಂದು ಬಾಯಿಂದ ಹೊರಬಿದ್ದರೆ ಸಾಕು, ಆ ಮನೆಯ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ.

ಮುಚ್ಚಿಟ್ಟಳು. ಬಿಳಿಯ ಮೇಲೆ ಸೀಳು ಬಿದ್ದಾಗ ಅರಿಷಿಣ ತುಂಬಿದಳು. ಸೀಳು ಹುಣ್ಣಾಯಿತು. ಹಕ್ಕಳೆಗಟ್ಟಿತು, ಇನ್ನೇನು ಮಾಯಿತು ಅನ್ನುವಷ್ಟರಲ್ಲಿ ಲಾಡಿ ಒರೆದು ಮತ್ತೆ ಬಾಯಿ ಬಿಟ್ಟಿತು. ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು, ಅದು ಮಾಯಲೇ ಇಲ್ಲ. ಅಂಚು ಗಟ್ಟಿಯಾಗಿ ಮೇಲೆದ್ದು ಹೂಕೋಸಿನ ಚೂರಿನ ಹಾಗೆ ಆಯಿತು. ಕೈ ತಾಗಿದರೆ ರಕ್ತ. ಹಾಸಿಗೆಯ ಮೇಲೆ ಕಲೆ ನೋಡಿದ ಶಂಕ್ರಪ್ಪ, ಇದು ಹೆಂಗಸರ ಸಂಗತಿ ಇದ್ದೀತೆಂದು ನಾಚಿಕೊಂಡು, ಗೋಡೆಯ ಕಡೆ ಮುಖ ಮಾಡಿ, "ದವಾಖಾನಿಗೆ ಒಂದ ಸಲ ತೋರಿಸ್ಕೊಂಡ ಬಾ," ಎಂದ. ಎಲ್ಲಿ, ಏನು ಎಂದು ಕೇಳಲಿಲ್ಲ. ಅಷ್ಟು ವರ್ಷ ಒಟ್ಟಿಗೆ ಬಾಳಿದವನು ಕೇಳಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ಕೇಳಿದ್ದರೂ ತಾನು ಹೇಳುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಚರ್ಮದ ಡಾಕ್ಟರು ಅದರ ಒಂದು ಚೂರನ್ನು ಕತ್ತರಿಸಿಕೊಂಡು ಪರೀಕ್ಷೆಗೆ ಕಳಿಸಿದ್ದರು. ಅದೇನೆಂದು ಕೇಳಿಕೊಂಡು ಬರಲು ಇವತ್ತು ಹೊರಟಿದ್ದಳು. ಗುರುವಾರ ಮಿಶ್ರಿಕೋಟಿಯ ಬೀಗರು ಅಮೃತಾಳ ಉಡಿ ತುಂಬಿ ಮಾತು ಗಟ್ಟಿಮಾಡಿಕೊಳ್ಳಲು ಬರುವವರಿದ್ದರು.

ರೈಲಿನಲ್ಲಿ ಅಮೃತಾ ಎದುರಿನ ಸೀಟಿನಲ್ಲಿ ಕೂತಿದ್ದಳು. ಊರಿನ ಸಾಲೆಯಲ್ಲಿ ಟೀಚರು. ಅವ್ವನಿಗೆ ಗಜ್ಜಿಯಾಗಿದೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಸಂಶಿ ದಾಟಿದ ಮೇಲೆ ಕರಿ ಹೊಲಗಳು ಕಿಟಕಿಯ ಉದ್ದಕ್ಕೂ ತೆರೆದುಕೊಂಡವು. ಕೆಂಪು ಕಾಯಿಯ ಸಾಲಿನಲ್ಲಿ ಬಾಗಿದ ಹೆಂಗಸರು, ತುಂಬಿ ಜೋತುಬಿದ್ದ ಉಡಿಗಳು. ರೇವವ್ವ ನೋಡುತ್ತ ಕೂತಳು. ನೋಡುತ್ತ ನೋಡುತ್ತ, ಬಾಗಿದ ಒಬ್ಬೊಬ್ಬಳ ಹಿಂದೆಯೂ ಇನ್ನೊಬ್ಬಳು ನೆಟ್ಟಗೆ ನಿಂತಿರುವಂತೆ ಕಂಡಿತು. ಮುದುಕಿಯರು, ತಲೆಯ ಮೇಲೆ ಸೆರಗು, ಒಂದು ಕೈ ಮುಂದಿನವಳ ನಡುವಿನ ಮೇಲೆ. ಬಿಸಿಲು ಢಾಳಾಗಿತ್ತು, ಕಣ್ಣು ಮಂಜಾಗಿರಲಿಲ್ಲ. ರೈಲು ಮುಂದೆ ಹೋಯಿತು, ಇನ್ನೊಂದು ಹೊಲ ಬಂತು, ಅಲ್ಲಿಯೂ ಹಾಗೆಯೇ. ತನ್ನ ಸೀಟಿನ ಬೆನ್ನ ಹಿಂದೆ ಕೂತವರು ಯಾರೆಂದು ತಿರುಗಿ ನೋಡಬೇಕೆನ್ನಿಸಿತು, ನೋಡುವ ಧೈರ್ಯವಾಗಲಿಲ್ಲ. "ಯಾಕವ್ವಾ, ಹಂಗ್ಯಾಕ ನೆಟ್ಟಗ ಕೂತಿ? ಆನಿಕೊಂಡ ಕೂಡು," ಎಂದಳು ಅಮೃತಾ. "ಇರ್ಲಿ ಬಿಡ," ಎಂದು ರೇವವ್ವ ಹಾಗೆಯೇ ಕೂತಳು.

ದವಾಖಾನೆಯಲ್ಲಿ ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬಳೇ ಒಳಗೆ ಹೋದಳು. ಡಾಕ್ಟರ್ ಖುಷ್ಬೂ ಅಣ್ಣಿಗೇರಿ ಕಡೆಯವಳು, ವಯಸ್ಸಿನಲ್ಲಿ ಸಣ್ಣವಳು, ಮಾತಿನಲ್ಲಿ ಸುತ್ತುಬಳಸು ಇಲ್ಲ. "ಜೋಡಿ ಯಾರು ಬಂದಾರ್ರಿ ಅವ್ವಾರ?" ಎಂದು ಕೇಳಿದಳು. "ಯಾರೂ ಇಲ್ರಿ," ಎಂದಳು ರೇವವ್ವ. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

"ಮೊದಲ ಒಂದ ಮಾತು. ಇದು ತೊನ್ನು ಅಲ್ರಿ. ಲಾಡಿ ಒತ್ತಿ ಒತ್ತಿ, ತಿಕ್ಕಿ ತಿಕ್ಕಿ, ಅಲ್ಲಿ ಚರ್ಮದ ಬಣ್ಣ ಹೋಗೈತಿ. ಅದರಿಂದ ಯಾರಿಗೂ ಏನೂ ಹತ್ತೂದಿಲ್ಲ."

ರೇವವ್ವನ ಎದೆಯೊಳಗೆ ಏನೋ ಹಗುರಾಗಿ ಮೇಲೆದ್ದಿತು. ತೊನ್ನಲ್ಲ. ಇಷ್ಟು ದಿನ ಮುಚ್ಚಿಟ್ಟದ್ದು ಅದನ್ನೇ ಅಲ್ಲವೇ, ಅದೇ ಇಲ್ಲವಂತೆ. ಗುರುವಾರ ಹೋಳಿಗೆ ಮಾಡಿಸಬೇಕು, ಹೊಸ ಜಮಖಾನೆ ಹಾಸಬೇಕು, ಎಂದೆಲ್ಲ ಮನಸ್ಸು ಓಡಿತು. ಡಾಕ್ಟರು ಇನ್ನೂ ಮಾತಾಡುತ್ತಿದ್ದಳು, ಮುಖದಲ್ಲಿ ನಗುವಿರಲಿಲ್ಲ. "ಕೇಳಾಕತ್ತೀರೇನ್ರಿ? ಆ ಹುಣ್ಣು ಕೆಟ್ಟೈತಿ ಅಂದೆ. ಚೂರು ಪರೀಕ್ಷಾ ಮಾಡಿದಾಗ ಅದು ಚರ್ಮದ ಕ್ಯಾನ್ಸರ್ ಅಂತ ಬಂದೈತಿ." ಆ ಮಾತು ಕೋಣೆಯಲ್ಲಿ ಬೇರೆ ಯಾರಿಗೋ ಹೇಳಿದ ಹಾಗೆ ಕೇಳಿಸಿತು. ಗಾಬರಿಯಾಗಲಿಲ್ಲ. ಅದನ್ನು ಕೇಳಬೇಕಾದವಳು ತನ್ನ ಹಿಂದೆ ನಿಂತಿದ್ದಾಳೆ, ಅವಳೇ ಕೇಳಿಸಿಕೊಳ್ಳಲಿ ಎಂಬ ವಿಚಿತ್ರ ಉದಾಸೀನ ಬಂತು.

"ಎಲ್ಲಾ ಕ್ಯಾನ್ಸರೂ ಒಂದ ನಮೂನಿ ಅಲ್ರಿ. ಇದು ಬಹಳ ದಿನ ನಿಂತಲ್ಲೇ ನಿಂತು ಬೆಳೀತೈತಿ. ತೊಡಿ ಸಂದಿಯೊಳಗ ಗಂಟು ಇಲ್ಲ, ಸ್ಕ್ಯಾನಿಂಗ್‌ದಾಗೂ ಇಲ್ಲ, ಅದು ನಿಮ್ಮ ಪುಣ್ಯೇ. ಸುತ್ತಲಿಂದ ಒಂದಿಷ್ಟು ಚಲೋ ಚರ್ಮಾನೂ ಹಿಡದು ಕತ್ತರಿಸಿ ತಗದು ಹೊಲಿಗಿ ಹಾಕಿದ್ರ ಹೆಚ್ಚಿನ ಮಂದಿಗೆ ಅಲ್ಲಿಗೇ ಮುಗೀತೈತಿ. ಆಮ್ಯಾಲ ಆಗಾಗ ಬಂದು ತೋರಿಸ್ಕೋತ ಇರಬೇಕು. ತಡಾ ಮಾಡಿದ್ರ ಮಾತ್ರ ಗಂಟಿಗೆ ಇಳಿತೈತಿ, ಆಗ ನನ್ನ ಕೈಯಾಗ ಇರೂದಿಲ್ಲ." ಪರೀಕ್ಷೆಯ ಮಂಚದ ಮೇಲೆ ಮಲಗಿಸಿ ಅರಿವೆಯ ಚೂರನ್ನು ತೆಗೆದು ನೋಡಿದಳು. ಏಳುವಾಗ ರೇವವ್ವ ಅಭ್ಯಾಸಬಲದಿಂದ ಲಾಡಿಯನ್ನು ಜಗ್ಗಿ ಕಟ್ಟಿಕೊಂಡದ್ದನ್ನು ಕಂಡು, ಹತ್ತಿರ ಬಂದು ಕೈಗವಸು ಹಾಕಿದ ಎರಡು ಬೆರಳುಗಳನ್ನು ಲಾಡಿಯೊಳಗೆ ತೂರಿಸಲು ನೋಡಿದಳು. "ಹಿಂಗ ಎರಡು ಬೆರಳು ಸಲೀಸ ಹಾಯಬೇಕ್ರಿ. ಲಾಡಿ ಬ್ಯಾಡ, ಅಗಲ ಪಟ್ಟಿ ಹಚ್ಚಿಸ್ರಿ. ದಿನಾ ಒಂದ ಜಾಗಾದಾಗ ಗಂಟು ಕೂಡಬಾರದು. ತಿಂಗಳಾದ್ರೂ ಮಾಯಲಾರದ ಹುಣ್ಣು ಮೈಮ್ಯಾಲ ಎಲ್ಲೇ ಇರ್ಲಿ, ತೋರಿಸಬೇಕು." ರೇವವ್ವ ಮೈಯನ್ನು ಹಿಡಿಯಾಗಿಸಿಕೊಂಡಳು. ಅಲ್ಲಿ ಮೊದಲೇ ಇದ್ದ ಬೆರಳಿಗೆ ಡಾಕ್ಟರ ಬೆರಳು ತಾಗಿತು ಎಂದು ಅವಳಿಗೆ ಅನ್ನಿಸಿತು. ಡಾಕ್ಟರೂ ಒಂದು ಕ್ಷಣ ತಡೆದು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನಿಮ್ಮ ಮನ್ಯಾಗ ಹಿಂದ ಯಾರಿಗರ ಹಿಂಗ ಆಗಿತ್ತೇನ್ರಿ?"

ರೇವವ್ವನಿಗೆ ಅತ್ತೆ ಸತ್ತ ದಿನ ಕಣ್ಣ ಮುಂದೆ ಬಂತು. ಅತ್ತೆಯ ಮೈ ತಣ್ಣಗಿತ್ತು. ಹಿತ್ತಲಲ್ಲಿ ಹಲಗೆಯ ಮೇಲೆ ಕೂರಿಸಿ ನೀರು ಹಾಕುತ್ತಿದ್ದರು. ಮಣ್ಣಿಗೆ ಒಯ್ಯುವ ಹೊತ್ತಾಗುತ್ತ ಬಂದಿತ್ತು, ಹೊರಗೆ ಭಜನೆ ನಡೆದಿತ್ತು. ಹಳೆಯ ಪರಕಾರವನ್ನು ಬಿಚ್ಚುವ ಕೆಲಸ ಸೊಸೆಯ ಪಾಲಿಗೆ ಬಂತು. ಗಂಟು ಬಿಚ್ಚಲು ಬರಲೇ ಇಲ್ಲ, ಕುಡಗೋಲು ತಂದು ಕೊಯ್ದಳು. ಲಾಡಿ ಕೆಳಗೆ ಬಿತ್ತು, ಆದರೆ ಲಾಡಿಯ ಜಾಗ ಹಾಗೆಯೇ ಉಳಿಯಿತು. ಸುತ್ತಲೂ ಮೈಯೊಳಗೆ ಇಳಿದ ಗಾಡಿಜಾಡಿನಂಥ ಕಪ್ಪು ತಗ್ಗು. ಬಲಗಡೆ ಅಂಗೈಯಷ್ಟಗಲದ ಒಂದು ಕುಣಿ, ಅದರ ತುಂಬ ವಿಭೂತಿ ಮೆತ್ತಿತ್ತು. ನೀರು ಹಾಕುತ್ತಿದ್ದ ಹೆಂಗಸರು ಆ ಕಡೆ ಬರುವುದರೊಳಗೆ ರೇವವ್ವ ಹೊಸ ಸೀರೆಯನ್ನು ಮೇಲೆ ಹೊದಿಸಿಬಿಟ್ಟಳು. ಮುದುಕಿ ಕಡೆಗಾಲದಲ್ಲಿ ಅನ್ನ ಬಿಟ್ಟದ್ದು, ಕಾಲು ಬಾತದ್ದು, ಯಾರನ್ನೂ ಹತ್ತಿರ ಬಿಡದೆ ತಾನೇ ಎದ್ದು ಬಟ್ಟೆ ಉಟ್ಟುಕೊಂಡದ್ದು, ಎಲ್ಲವೂ ಆ ಕುಣಿಯ ಸುತ್ತ ಬಂದು ನಿಂತವು. ಯಾರಿಗೂ ಹೇಳಲಿಲ್ಲ. ಸತ್ತವಳ ಮಾನ ಎಂದುಕೊಂಡಳು. ಹೊಸ ಪರಕಾರದ ಲಾಡಿಯನ್ನು ಕಟ್ಟುವಾಗ, ಹೆಣಕ್ಕೆ, ಬಿಗಿಯಾಗಿ ಕಟ್ಟಿದಳು. ಕಟ್ಟಿ, ತನಗರಿವಿಲ್ಲದೆ ಒಂದು ಬೆರಳು ತೂರಿಸಿ ನೋಡಿದಳು. "ಇಲ್ರಿ," ಎಂದು ಡಾಕ್ಟರಿಗೆ ಹೇಳಿದಳು. "ನಮ್ಮ ಮನ್ಯಾಗ ಯಾರಿಗೂ ಏನೂ ಇದ್ದಿದ್ದಿಲ್ರಿ."

ಡಾಕ್ಟರ್ ಖುಷ್ಬೂ ಕೈಗವಸು ಬಿಚ್ಚಿ ಚೀಟಿ ಬರೆಯತೊಡಗಿದಳು. "ಇವತ್ತ ಸಂಜಿ ಒಳಗ ಬಂದು ದಾಖಲಾಗ್ರಿ. ನಾಳೆ ತಗದಬಿಡೂಣು."

"ವೈಶಾಖದಾಗ ಮಗಳ ಲಗ್ನ ಐತ್ರಿ. ಅದೊಂದು ಮುಗೀಲಿ."

"ಇದಕ್ಕ ಲಗ್ನ ಮುಂಜಿವಿ ಗೊತ್ತಾಗೂದಿಲ್ರಿ ಅವ್ವಾರ."

"ಬೀಗರಿಗೆ ಏನಂತ ಹೇಳ್ಲಿ ನಾನು? ಕ್ಯಾನ್ಸರ್ ಐತಿ ಅಂತ ಹೇಳಿ ಹೆಣ್ಣು ಕೊಡ್ಲೇನು?" ದನಿ ತಾನಾಗಿ ಏರಿತು. ಬಾಗಿಲಾಚೆ ಕೇಳಿಸೀತೆಂದು ತಕ್ಷಣ ಇಳಿಸಿ, ನಮಸ್ಕಾರ ಮಾಡಿ ಹೊರಬಿದ್ದಳು. ಅಮೃತಾ ಎದ್ದು ಬಂದು ಏನಂದರು ಎಂದಾಗ, "ಮುಲಾಮು ಕೊಟ್ಟಾರ. ಹಚ್ಚಿಕೊಂಡ್ರ ಹೋಗ್ತೈತಿ," ಎಂದಳು. ಕೈಯಲ್ಲಿ ಮುಲಾಮು ಇರಲಿಲ್ಲ. ಮಗಳು ಅದನ್ನು ಗಮನಿಸಿದಳು, ಕೇಳಲಿಲ್ಲ. ಈ ಮನೆಯಲ್ಲಿ ಕೇಳದಿರುವುದನ್ನು ಎಲ್ಲರೂ ಚೆನ್ನಾಗಿ ಕಲಿತಿದ್ದರು.

ಹಿಂದಿರುಗುವ ರೈಲಿನಲ್ಲಿ ಗದ್ದಲವಿತ್ತು. ಹೇಗೋ ಒಂದು ಸೀಟು ಸಿಕ್ಕಿ ರೇವವ್ವ ಕೂತಳು. ಎಲ್ಲ ತೀರ್ಮಾನವಾಗಿತ್ತು. ವೈಶಾಖದವರೆಗೆ ಅರಿಷಿಣ, ವಿಭೂತಿ, ಅರಿವೆಯ ಚೂರು. ಆಮೇಲೆ ಏನಾದರೂ ಆಗಲಿ. ಸತ್ತರೆ ಮಗಳು ಗಂಡನ ಮನೆ ಸೇರಿದ ಮೇಲೆ ಸಾಯುತ್ತೇನೆ, ಅದರಲ್ಲೇನು ಮಹಾ ನಷ್ಟ ಎಂದುಕೊಂಡಾಗ ಒಂದು ಬಗೆಯ ಹೆಮ್ಮೆಯೂ ಆಯಿತು. ಎಲ್ಲರಿಗಿಂತ ದೊಡ್ಡ ಉಡಿ ಹೊತ್ತುಕೊಂಡ ಹೆಮ್ಮೆ ಅದು. ಆಗ ಅಮೃತಾ ಕೈಚೀಲವನ್ನು ಮೇಲಿನ ಹಲಗೆಗೆ ಇಡಲು ಎರಡೂ ಕೈ ಎತ್ತಿದಳು. ಚೂಡಿಯ ಅಂಗಿ ಮೇಲೆ ಸರಿಯಿತು. ಸರಿಯಾಗಿ ರೇವವ್ವನ ಕಣ್ಣಿನೆದುರಿಗೆ, ಒಂದು ಮೊಳ ದೂರದಲ್ಲಿ, ಆ ಎಳೆಯ ನಡುವಿನ ಸುತ್ತ ಕಪ್ಪು ಗೆರೆ ಇತ್ತು. ಗೆರೆಯ ಮೇಲೆ, ಬಲಗಡೆ, ಗೋಡೆಯ ಸುಣ್ಣ ಸಿಡಿದಷ್ಟು ಬಿಳಿ. ಆ ಬಿಳಿಯ ಮೇಲೆ ಅರಿಷಿಣ ಹಚ್ಚಿದ ಹಳದಿ ಇನ್ನೂ ಅಂಟಿಕೊಂಡಿತ್ತು. ಅಮೃತಾ ಚೀಲವಿಟ್ಟು, ಅಂಗಿಯನ್ನು ಥಟ್ಟನೆ ಕೆಳಗೆ ಎಳೆದುಕೊಂಡು, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸಿದಳು. ಆ ಎಳೆದುಕೊಳ್ಳುವ ರೀತಿ ರೇವವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಸಾಲೆಗೆ ಟೀಚರಾಗಿ ಸೇರಿದ ಮೊದಲ ದಿನ ಮಗಳಿಗೆ ಸೀರೆ ಉಡಿಸಿದವಳು ತಾನು. ಸೀರೆ ಉಟ್ಟು ರೂಢಿಯಿಲ್ಲದ ಹುಡುಗಿ ಎಂದು ದಿನಾ ಬೆಳಿಗ್ಗೆ ಲಾಡಿ ಜಗ್ಗಿ ಕಟ್ಟಿದವಳು, ಸುಗ್ಗಿಯ ರಜೆಯಲ್ಲಿ ಹೊಲಕ್ಕೆ ಕರೆದೊಯ್ದು ಉಡಿ ಕಟ್ಟಿಸಿದವಳು, "ನೋವಾಗ್ತೈತಿ ಬೇ," ಎಂದು ಅವಳು ಕೊಸರಿದಾಗ ನಕ್ಕವಳು, ಹಿಂದೆ ನಿಂತು ಬೆರಳು ತೂರಿಸಿ ನೋಡಿದವಳು, ಎಲ್ಲ ತಾನೇ. ದೆವ್ವ ಎಂದು ಯಾರನ್ನು ಅನ್ನಬೇಕು ಎಂದು ಅವಳಿಗೆ ತಿಳಿಯದಾಯಿತು. ತನ್ನ ಕೈಯನ್ನು ತಾನೇ ನೋಡಿಕೊಂಡಳು. ಆ ತೋರುಬೆರಳು ತನ್ನದಲ್ಲ ಅನ್ನಿಸಿತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಯಾವಾಗಿಂದ ಐತಿ ಅದು?" ಎಂದಳು.

"ಯಾವುದು?"

"ಅರಿಷಿಣಾ ಹಚ್ಚೀಯಲ್ಲ, ಅದು."

ಅಮೃತಾ ಬಗ್ಗಿ, ಅವ್ವನ ಕಿವಿಯ ಹತ್ತಿರ, "ತೊನ್ನು ಅಂತ ಕಾಣಸ್ತೈತಿ ಬೇ. ನಿನಗ ಹೇಳಿದ್ರ ಎದಿ ಒಡಕೊಂತಿ ಅಂತ ಹೇಳ್ಲಿಲ್ಲ. ಗುರುವಾರ ಒಂದು ದಾಟಲಿ ಅಂತಿದ್ದೆ," ಎಂದಳು.

ಕುಂದಗೋಳ ಬಂತು. "ಇಳಿ," ಎಂದು ರೇವವ್ವ ಎದ್ದಳು. "ನಮ್ಮೂರು ಇನ್ನೂ ಮುಂದೈತಿ," ಎಂದು ಅಮೃತಾ ಹೇಳುತ್ತಿರುವಾಗಲೇ ಚೀಲವನ್ನು ಎಳೆದುಕೊಂಡು, ಮಗಳ ಕೈ ಹಿಡಿದು, ಮಂದಿಯನ್ನು ಸರಿಸುತ್ತ ಇಳಿದೇಬಿಟ್ಟಳು. ಮಧ್ಯಾಹ್ನದ ಬಿಸಿಲಿಗೆ ಪ್ಲಾಟ್‌ಫಾರಂ ಖಾಲಿ ಇತ್ತು. ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಮಗಳನ್ನು ಕೂರಿಸಿ ಎಲ್ಲವನ್ನೂ ಹೇಳಿದಳು. ಹುಣ್ಣು ಏನು, ಡಾಕ್ಟರ್ ಏನಂದರು, ನಿಂದು ತೊನ್ನಲ್ಲ, ಲಾಡಿ ಸಡಿಲ ಮಾಡಿದರೆ ಅಲ್ಲಿಗೇ ನಿಲ್ಲಬಹುದು, ಆದರೂ ಅವರಿಗೆ ತೋರಿಸಲೇಬೇಕು, ಅಜ್ಜಿಯ ಮೈಮೇಲೆ ಏನಿತ್ತು, ತಾನು ಹೇಗೆ ಮುಚ್ಚಿದೆ. ಹೇಳುವಾಗ ಅಳಲಿಲ್ಲ. ಅಮೃತಾ ಅತ್ತಳು, ಅತ್ತು, ಸಿಟ್ಟಿನಿಂದ, "ಲಗ್ನದ ಸಲುವಾಗಿ ಸಾಯಾಕ ಹೊಂಟಿದ್ದೇನು ನೀನು?" ಎಂದಳು. ರೇವವ್ವ ಮಗಳ ಮುಂದೆ ಕೈ ಚಾಚಿದಳು.

"ಫೋನ್ ಹಚ್ಚಿ ಕೊಡು. ಮಿಶ್ರಿಕೋಟಿಗೆ, ನಿನ್ನ ಅತ್ತಿ ಆಗೂವಾಕಿಗೆ."

"ಈಗ್ಯಾಕ? ಆಮ್ಯಾಲ ಅಪ್ಪ ಮಾತಾಡ್ತಾನ ತಗೋ."

"ಅವನಿಗೇನು ಗೊತ್ತೈತಿ ಮಾತಾಡಾಕ. ಹಚ್ಚು."

ಬೀಗತಿ ನೀಲಗಂಗವ್ವನ ದನಿ ಗಟ್ಟಿ. ಎರಡು ಸಲ ಬಂದು ಹೋದವಳು, ಮಾತಿನಲ್ಲಿ ಯಾರಿಗೂ ಸೋಲದವಳು, ಮಗ ಹೇಮಂತನನ್ನೇ ಹೆದರಿಸಿ ಇಟ್ಟವಳು. "ಹೇಳ್ರಿ ಬೀಗತಿ, ಗುರುವಾರ ನಾವು ಲಗೂನ ಬಂದಬಿಡ್ತೇವಿ," ಎಂದು ಆಕೆ ಶುರು ಮಾಡಿದಳು. ರೇವವ್ವ ತಡೆದಳು. ನಡುವಿನ ಲಾಡಿ ಕೂಡ್ರುವ ಜಾಗದಲ್ಲಿ ತನಗೆ ಹುಣ್ಣಾಗಿದೆ, ಅದು ಕ್ಯಾನ್ಸರ್ ಅಂತೆ, ನಾಳೆ ಕತ್ತರಿಸಿ ತೆಗೆಯುತ್ತಾರೆ, ಗುರುವಾರ ತಾನು ದವಾಖಾನೆಯಲ್ಲಿ ಇರುತ್ತೇನೆ. ಮಗಳಿಗೂ ಅದೇ ಜಾಗದಲ್ಲಿ ಬಿಳಿ ಬಿದ್ದಿದೆ, ತೊನ್ನಲ್ಲ, ಆದರೆ ನೋಡಿದವರು ತೊನ್ನು ಅಂದಾರು. "ಎಲ್ಲಾ ಹೇಳೇನಿ ನೋಡ್ರಿ. ಬರೂದಿದ್ರ ಆಮ್ಯಾಲ ಒಂದ ದಿನ ಬರ್ರಿ. ಬ್ಯಾಡ ಅಂದ್ರೂ ನಮ್ಮದೇನು ಸಿಟ್ಟಿಲ್ರಿ." ಅಮೃತಾ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ಆ ಕಡೆಯಿಂದ ಯಾರದೋ ಮನೆಯ ಟಿವಿ, ಒಂದು ಕೋಳಿ, ಪಾತ್ರೆಯ ಸದ್ದು ಕೇಳುತ್ತಿದ್ದವು. ಆಮೇಲೆ ಹೆಜ್ಜೆ ಸಪ್ಪಳವಾಯಿತು, ಒಂದು ಬಾಗಿಲು ಮುಚ್ಚಿ ಚಿಲಕ ಹಾಕಿದ ಸದ್ದಾಯಿತು, ಟಿವಿ ಕೋಳಿ ಎಲ್ಲ ನಿಂತುಹೋದವು. ಫೋನ್ ಕಟ್ಟಾಯಿತೇನೋ ಎಂದು ರೇವವ್ವ ಕಿವಿಯಿಂದ ತೆಗೆದು ನೋಡಿ ಮತ್ತೆ ಹಚ್ಚಿಕೊಂಡಳು. ಯಾರೋ ತೀರ ಹತ್ತಿರ ಉಸಿರಾಡುತ್ತಿದ್ದರು.

"ಬೀಗತಿ," ಎಂದಿತು ದನಿ. ಅದು ನೀಲಗಂಗವ್ವನ ದನಿಯೇ, ಆದರೆ ಅದರೊಳಗಿನ ಗಟ್ಟಿ ಎಲ್ಲಿಯೋ ಹೋಗಿತ್ತು. "ನಿಮ್ಮ ಹುಣ್ಣು ವಾಸನಿ ಬರ್ತೈತೇನ್ರಿ?"

ರೇವವ್ವ ಮಗಳ ಕಡೆ ನೋಡಿದಳು. ಗಂಡನಿಗೆ, ಡಾಕ್ಟರಿಗೆ, ಯಾರಿಗೂ ಹೇಳದ ಮಾತು ಅದು. "ಬರ್ತೈತ್ರಿ," ಎಂದಳು.

"ನಂದೂ ಬರ್ತೈತ್ರಿ. ಮನ್ಯಾಗ ಯಾರಿಗೂ ಗೊತ್ತಿಲ್ಲ."

"ಲಾಡಿ ಸಡ್ಲ ಮಾಡ್ರಿ," ಎಂದಳು ರೇವವ್ವ. "ಸಡ್ಲ ಮಾಡಿ, ಈಗ ಸಿಕ್ಕ ಬಸ್ಸಿಗೆ ಹುಬ್ಬಳ್ಳಿಗೆ ಬರ್ರಿ. ನಾವೂ ಹೊಳ್ಳಿ ಅಲ್ಲಿಗೇ ಹೊಂಟೇವಿ."